ಆಯಿ ಅಂದರೆ ಅಮ್ಮ ಅಲ್ಲ

ಮೊನ್ನೆ ಹಳೆಯ ಚೀಲವೊಂದನ್ನು ಜಾಡಿಸುವಾಗ ಒಳಗಿನಿಂದ ರಬ್ಬರು ಉರುಳಿ ಬಿತ್ತು. ಬಿಳಿ ಬಣ್ಣ, ಬಾಳೆಹಣ್ಣಿನ ವಾಸನೆ, ಮೈಮೇಲೆ ನೀಲಿ ಅಕ್ಷರದಲ್ಲಿ ‘ಬರೆ ಮಗು ಬರೆ’. ಮಕ್ಕಳ ಕಥಾಶಿಬಿರವೊಂದರಲ್ಲಿ ಹಂಚಿದ್ದು. ಅಳಿಸುವುದಕ್ಕೆಂದೇ ಹುಟ್ಟಿದ ವಸ್ತುವಿನ ಮೇಲೆ ಬರೆಯಲು ಹೇಳುವ ಬುದ್ಧಿ ಯಾರಿಗೆ ಹೊಳೆಯಿತೋ, ಅವರಿಗೊಂದು ಶಾಲು ಹೊದಿಸಬೇಕು. ಅಥವಾ ಅವರು ಹೇಳಿದ್ದು ಕಬ್ಬಿಣ ಕಾಯಿಸಿ ಎಳೆಯುವ ಬರೆಯ ವಿಷಯವೂ ಇರಬಹುದು. ಹಾಗಿದ್ದರೆ ಆ ಶಿಬಿರದವರು ಮಾತು ಉಳಿಸಿಕೊಂಡರು ಅನ್ನಿ.

ಗಡಿಯಾಚೆ, ಮಹಾರಾಷ್ಟ್ರದ ನಮ್ಮ ಗಡಹಿಂಗ್ಲಜದಲ್ಲಿ ಇದಕ್ಕೆ ಖೋಡರಬ್ಬರ ಅನ್ನುತ್ತೇವೆ. ಮರಾಠಿಯಲ್ಲಿ ಖೋಡಣೆ ಎಂದರೆ ಅಳಿಸುವುದು. ನಮ್ಮ ಕನ್ನಡದಲ್ಲಿ ಖೋಡಿ ಎಂದರೆ ಕೆಟ್ಟವನು. ಎರಡನ್ನೂ ಒಂದೇ ತಾಟಿನಲ್ಲಿ ಕಲೆಸಿ ಉಣ್ಣುವ ನಮಗೆ ಚಿಕ್ಕಂದಿನಲ್ಲಿ ಅದು ದುಷ್ಟ ರಬ್ಬರು ಎಂದೇ ತಿಳಿದಿತ್ತು. ಅದರ ನಡತೆಯೂ ಹಾಗೇ ಇತ್ತು. ಒಂದಕ್ಷರ ಅಳಿಸಲು ಹೋದರೆ ಕಾಗದ ಹರಿದು ಹಿಂದಿನ ಪುಟದ ಭಾಗಾಕಾರ ಇಣುಕುತ್ತಿತ್ತು. ಅದಕ್ಕೂ ಮೊದಲು ಪಾಟಿಯ ಕಾಲ. ಪಾಟಿ ಒರೆಸಲು ಉಗುಳು ಮತ್ತು ಅಂಗಿಯ ತೋಳು ಸಾಕು. ಗುರೂಜಿ ಹಾಗೆ ಮಾಡಿದರೆ ಸರಸ್ವತಿಗೆ ಉಗುಳಿದ ಹಾಗೆ ಎಂದು ಬೈಯುತ್ತಿದ್ದರು. ಆ ಬೈಗುಳವನ್ನು ನಾನು ಅವರದೇ ದನಿಯಲ್ಲಿ, ಅವರದೇ ಕೆಮ್ಮಿನ ಸಮೇತ, ಅವರಿಲ್ಲದಾಗ ಮಾಡಿ ತೋರಿಸುತ್ತಿದ್ದೆ. ಒಂದು ದಿನ ಅವರು ಬಾಗಿಲಿಗೆ ಬಂದವರು ಒಳಗೆ ಬೇರೆ ಮಾಸ್ತರರು ಪಾಠ ಮಾಡುತ್ತಿದ್ದಾರೆಂದು ತಿಳಿದು ಮರ್ಯಾದೆಯಿಂದ ಹೊರಗೆ ನಿಂತುಕೊಂಡರು. ಒಳಗಿದ್ದದ್ದು ತಾವೇ ಎಂದು ಅವರಿಗೆ ಗೊತ್ತಾದ ಮೇಲೆ ನನಗೆ ಬಿದ್ದ ಏಟುಗಳ ಸದ್ದನ್ನೂ ನಾನು ಚೆನ್ನಾಗಿ ನಕಲು ಮಾಡುತ್ತೇನೆ. ಕೇಳಬೇಕಿದ್ದರೆ ಹೇಳಿ.

ನಕಲು ಮಾಡುವುದು ನನ್ನ ರೋಗ, ಈಗ ಕಸುಬು. ಮದುವೆಯಲ್ಲಿ ಮೈಕು, ಸಕ್ಕರೆ ಕಾರಖಾನೆಯ ಚುನಾವಣೆಯಲ್ಲಿ ಜೀಪಿನ ಮೇಲಿನ ಭೋಂಗಾ. ಒಂದು ಸಲ ಎರಡೂ ಪ್ಯಾನೆಲ್ಲಿನ ಜೀಪಿನಲ್ಲಿ ನನ್ನದೇ ದನಿ ಇತ್ತು, ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಬಸ್ ಸ್ಟ್ಯಾಂಡಿನ ಎದುರು ಇಬ್ಬರೂ ನಾನೇ ಆಗಿ ನನಗೇ ಬೈದುಕೊಂಡೆ. ಇಚಲಕರಂಜಿಯ ನೂಲಿನ ಗಿರಣಿಯ ಮ್ಯಾನೇಜರರು ಕೆಲಸ ಕೊಡಲೆಂದು ಫೋನು ಮಾಡಿ ಮೂಗಿನಿಂದ ಮಾತಾಡಿದರು. ನಾನೂ ನನಗರಿವಿಲ್ಲದೆ ಮೂಗಿನಿಂದಲೇ ಉತ್ತರಿಸಿದೆ. ಕೆಲಸ ಸಿಗಲಿಲ್ಲ. ನನ್ನ ಸ್ವಂತ ದನಿ ಯಾವುದೆಂದು ನೀವು ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ.

ಈ ಖ್ಯಾತಿಯ ಕಾರಣಕ್ಕೇ ಶಿಬಿರದವರು ನನ್ನನ್ನು ಕರೆದರು. ‘ಕಥೆ ಕಟ್ಟೋಣ ಬನ್ನಿ’ ಎಂದು ಅದರ ಹೆಸರು. ಮೇ ರಜೆಯಲ್ಲಿ ನಮ್ಮೂರಿನ ಕನ್ನಡ ಶಾಲೆಯಲ್ಲಿ ಗಡಿಭಾಗದ ಮಕ್ಕಳಿಗೆ ಕಥೆ ಬರೆಯುವುದನ್ನು ಕಲಿಸುತ್ತಾರೆ, ಬರೆದದ್ದನ್ನು ಪುಸ್ತಕ ಮಾಡುತ್ತಾರೆ. ಮಕ್ಕಳು ಆಕಳಿಸಿದಾಗಲೆಲ್ಲ ನಾನು ಎದ್ದು ಕಂಡಕ್ಟರನ ಹಾಗೆ, ಕೋಣನ ಹಾಗೆ, ಮಂತ್ರಿಯ ಹಾಗೆ ಕೂಗಬೇಕು. ಕಲಿಸಲು ಬೆಂಗಳೂರಿನಿಂದ ಬಂದವರನ್ನು ಕರಪತ್ರದಲ್ಲಿ ‘ಸಂಪನ್ಮೂಲ ವ್ಯಕ್ತಿ’ ಎಂದು ಹಾಕಿದ್ದರು. ಅದನ್ನು ಓದಿದ ನನ್ನ ಅಕ್ಕ ಸುನಂದಾ, ಯಾರೋ ಭಾಳ ಆಸ್ತಿವಂತರು ಇರಬೇಕು ಎಂದುಕೊಂಡಳು. ನಾನು ಅವರನ್ನು ಸಂಪನ್ಮೂಲರು ಎಂದೇ ಕರೆಯುತ್ತೇನೆ. ಕೆಟ್ಟ ಮನುಷ್ಯರಲ್ಲ. ಖಾದಿ ಜುಬ್ಬಾ, ತೆಳ್ಳಗೆ ನಗು, ‘ಮಕ್ಕಳೇ, ಕಲ್ಪನೆಯ ರೆಕ್ಕೆ ಬಿಚ್ಚಿ’ ಎನ್ನುವಾಗ ತಾವೇ ಎರಡೂ ಕೈ ಬಿಚ್ಚುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನಗೆ ಆ ರೆಕ್ಕೆ ಬಾಯಿಪಾಠವಾಗಿತ್ತು.

ಅವರಿಗೆ ಕಾಮನಬಿಲ್ಲು ಬೇಕಿತ್ತು. ನಮ್ಮ ಮಕ್ಕಳು ಕಬ್ಬಿನ ಟ್ರಾಲಿ ಬರೆದುಕೊಟ್ಟರು. ಬಿದ್ರಿ ಕಡೆಯ ಹುಡುಗನೊಬ್ಬ ಓಡುವ ಟ್ರಾಲಿಯಿಂದ ಕಬ್ಬು ಜಗ್ಗುವ ಕಥೆ ಬರೆದಿದ್ದ. ಸಂಪನ್ಮೂಲರು ಅವನ ಬೆನ್ನು ಸವರಿ, ‘ಚೆನ್ನಾಗಿದೆ ಪುಟ್ಟಾ, ಆದರೆ ಇದರ ನೀತಿ ಏನು?’ ಎಂದರು.

ಹುಡುಗ ಬಹಳ ಯೋಚಿಸಿ ಹೇಳಿದ: ‘ಚಡಾವ ಏರುಮುಂದ ಟ್ರಾಲಿ ಸಾವಕಾಶ ಆಗತೈತ್ರಿ ಸರ. ಅವಾಗ ಜಗ್ಗಬೇಕ್ರಿ.’

ಇಷ್ಟು ಒಳ್ಳೆಯ ನೀತಿಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅಚ್ಚಿನಲ್ಲಿ ಬಂದಾಗ ಆ ಹುಡುಗ ಮಾವಿನಹಣ್ಣು ಕಿತ್ತು, ಪಶ್ಚಾತ್ತಾಪಪಟ್ಟು, ತೋಟದ ಮಾಲೀಕರ ಕಾಲಿಗೆ ಬಿದ್ದಿದ್ದ. ಇರಲಿ, ನಾನು ಹೇಳಬೇಕಾದದ್ದು ಅವನ ಕಥೆಯಲ್ಲ, ನಮ್ಮ ಸ್ವಪ್ನಾಲಿಯದು.

ಸ್ವಪ್ನಾಲಿ ಅಕ್ಕನ ಮಗಳು. ಮಾತಾಡುವುದು ಕನ್ನಡ, ಹೆಸರು ಮರಾಠಿ ಸೀರಿಯಲ್ಲಿನದು. ಅಕ್ಕನ ಬೀದಿಯಲ್ಲಿ ಎಲ್ಲರದೂ ಹಾಗೇ. ಅಕ್ಕನನ್ನು ಇಚಲಕರಂಜಿಗೆ ಕೊಟ್ಟಿದೆ. ಆ ಊರಿನಲ್ಲಿ ಪಾವರಲೂಮಿನ ಖಟಖಟದ ಮೇಲೆ ಮಾತಾಡಿ ಮಾತಾಡಿ ಜನ ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಅಂಥ ಊರಿನಲ್ಲಿ ಮಾತು ಬಿಟ್ಟು ಬಾಳಿದವರು ಇಬ್ಬರೇ, ನನ್ನ ಅಕ್ಕ ಮತ್ತು ಅವಳ ಅತ್ತೆ. ಮಾತು ಬಿಟ್ಟದ್ದು ಯಾಕೆಂದು ಕೇಳಿದರೆ ಅಕ್ಕ ಯಾವುದೋ ಹಬ್ಬದ ಹೋಳಿಗೆಯಿಂದ ಶುರು ಮಾಡುತ್ತಿದ್ದಳು, ಭಾವ ಎದ್ದು ಲೂಮಿಗೆ ಹೋಗುತ್ತಿದ್ದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಡೀ ಅನಾಹುತ ಅದರಲ್ಲೇ ಇದೆ. ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಹೆತ್ತವಳು ಅವ್ವ, ಅಜ್ಜಿ ಆಯಿ. ಪಕ್ಕದ ಮರಾಠಿ ಮನೆಯಲ್ಲಿ ಆಯಿ ಎಂದರೆ ಹೆತ್ತವಳು. ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಈಚೆ ನಿಂತು ಆಯಿ ಎಂದು ಕೂಗಿದರೆ ಮುದುಕಿ ಓಗೊಡುತ್ತಾಳೆ, ಆಚೆ ನಿಂತು ಕೂಗಿದರೆ ಅವಳ ಸೊಸೆಯ ವಯಸ್ಸಿನವಳು. ನಮಗೆ ಇದರಿಂದ ಯಾವತ್ತೂ ತೊಂದರೆಯಾಗಿಲ್ಲ. ಯಾವ ಗೋಡೆಯ ಯಾವ ಕಡೆ ಇದ್ದೇವೆಂದು ನಮಗೆ ಗೊತ್ತಿರುತ್ತದೆ.

ಸ್ವಪ್ನಾಲಿಯ ಆಯಿ, ಅಂದರೆ ಅಕ್ಕನ ಅತ್ತೆ, ಪಡಸಾಲೆಯಲ್ಲಿ. ಅಕ್ಕ ಅಡಿಗೆಮನೆಯಲ್ಲಿ. ನಡುವೆ ಈ ಹುಡುಗಿಯ ಟಪಾಲು.

‘ಅಕೀಗೆ ಹೇಳ,’ ಎನ್ನುತ್ತಿದ್ದಳು ಆಯಿ, ‘ಪಲ್ಲೆದಾಗ ಉಪ್ಪ ಹಾಕೂದು ತವರಮನ್ಯಾಗ ಕಲಿಸಿಲ್ಲೇನ ಅಂತ.’

ಸ್ವಪ್ನಾಲಿ ಅಡಿಗೆಮನೆಗೆ ಹೋಗಿ, ‘ಅವ್ವಾ, ಆಯಿ ಚೂರ ಉಪ್ಪ ಕೇಳಾಕತ್ತಾಳ,’ ಎನ್ನುತ್ತಿದ್ದಳು.

‘ಕೈ ಅದಾವಿಲ್ಲೋ? ಎದ್ದ ಬಂದ ಹಾಕ್ಕೋ ಅನ್ನ ಅಕೀಗೆ.’

ಹುಡುಗಿ ತಾನೇ ಉಪ್ಪಿನ ಡಬ್ಬಿ ತಂದು, ‘ಆಯಿ, ನೀ ಏಳಬ್ಯಾಡಂತ. ಅವ್ವ ಕೊಟ್ಟ ಕಳಿಸ್ಯಾಳ.’

ಇವಳು ಕಟ್ಟಿ ಹೇಳುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಹಾಗೆ ಗೊತ್ತಿದ್ದೇ ಸಂಸಾರ ಸಾಗುತ್ತಿತ್ತು. ಹಾಗಾಗಿ ನಾನು ಶಿಬಿರದ ವಿಷಯ ಹೇಳಲು ಫೋನು ಮಾಡಿದಾಗ ಅಕ್ಕ ಕೇಳಿದ್ದು ಇಷ್ಟೇ:

‘ಏನ್ ಕಲಿಸ್ತಾರಲೇ ಮಂಗ್ಯಾ ಅಲ್ಲಿ?’

‘ಕಥಿ ಕಟ್ಟೂದು.’

‘ಅದಕ್ಕ ಕ್ಲಾಸ್ ಬ್ಯಾರೆ ಬೇಕ? ಇಕಿ ಹುಟ್ಟಿದಾಗಿಂದ ಅದನ್ನ ಮಾಡಾಕತ್ತಾಳ.’

ಮಂಗ್ಯಾ ಎಂದರೆ ನಾನು. ಆ ಮನೆಯಲ್ಲಿ ನನ್ನ ಅಧಿಕೃತ ಹೆಸರು ಅದು. ಆಯಿಯೂ ಹಾಗೇ ಕರೆಯುತ್ತಿದ್ದಳು. ನಾನು ಅವಳ ದನಿಯನ್ನು ಊರೆಲ್ಲ ಮಾಡಿ ತೋರಿಸುತ್ತೇನೆಂದು ತಿಳಿದು ಒಮ್ಮೆ ಎದುರಿಗೇ ಕೂರಿಸಿಕೊಂಡಳು. ‘ನನ್ನ ಮುಂದ ಮಾಡ ನೋಡೂಣು,’ ಎಂದಳು. ಮಾಡಿದೆ. ಆಯಿಯ ದನಿ ಸುಲಭ, ಎಣ್ಣೆ ಕಾಣದ ಲೂಮು ಶುರುವಾದಂತೆ. ‘ಅಕೀಗೆ ಹೇಳ’ ಎಂದು ಶುರು ಮಾಡಿ ಒಂದು ಸುತ್ತು ಬೈದೆ. ಅಡಿಗೆಮನೆಯಲ್ಲಿ ಅಕ್ಕ ನಕ್ಕ ಸದ್ದು ಕೇಳಿಸಿತು. ಆಯಿ ಮಾತ್ರ ಸೆರಗಿನಿಂದ ಬಾಯಿ ಒರೆಸಿಕೊಂಡು, ‘ಇಷ್ಟ ಕೆಟ್ಟ ಐತೇನೋ ನನ್ನ ದನಿ?’ ಎಂದಳು. ಆ ದಿನವೆಲ್ಲ ಬೈಯಲಿಲ್ಲ. ಮರುದಿನ ಬಾಕಿ ತೀರಿಸಿದಳು.

ಶಿಬಿರದ ಹಿಂದಿನ ವರ್ಷ ಅವಳನ್ನು ದವಾಖಾನೆಗೆ ಹಾಕಿದರು. ಅಕ್ಕ ಬೆಳಗಿನಿಂದ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಒಳಗೆ ಹೋಗಲಿಲ್ಲ, ಮನೆಗೂ ಹೋಗಲಿಲ್ಲ. ಮಧ್ಯಾಹ್ನ ಸ್ವಪ್ನಾಲಿ ಒಳಗಿನಿಂದ ಬಂದು ಹೇಳಿದಳು, ‘ಅವ್ವಾ, ನೀ ಉಂಡ ಬಾ ಅಂತ. ಆಯಿ ಹೇಳ್ಯಾಳ. ನಾ ಎಲ್ಲಿ ಹೊಕ್ಕೇನಿ, ಇಲ್ಲೇ ಇರತೇನಿ ಅಂದ್ಲು.’

ಅಕ್ಕ ಮಗಳನ್ನು ನೋಡಿದಳು. ‘ಇವತ್ತರೆ ಕಟ್ಟಿ ಹೇಳೂದ ಬಿಡ,’ ಎಂದಳು.

ಅವಳು ಉಣ್ಣಲಿಲ್ಲ. ಎದ್ದು ಒಳಗೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು ಮನೆಯ ಗಂಡಸರು ಯಾರು ಎಂದು ಕೇಳಿದಳು. ಆಯಿ ಹೋಗಿದ್ದಳು.

ಹುಟ್ಟಿದಾಗಿನಿಂದ ಎರಡು ಕಡೆಯ ಮಾತಿಗೂ ಸಕ್ಕರೆ ಬೆರೆಸಿ ಸಾಗಿಸಿದವಳು ಒಂದೇ ಒಂದು ಮಾತನ್ನು ಇದ್ದ ಹಾಗೆ ತಂದುಕೊಟ್ಟಿದ್ದಳು. ಅದನ್ನೇ ಇಸಿದುಕೊಳ್ಳುವವರಿಲ್ಲ.

ಶಿಬಿರಕ್ಕೆ ಬಂದ ಸ್ವಪ್ನಾಲಿ ಬರೆದದ್ದು ಇದನ್ನೇ. ಉಪ್ಪಿನ ಡಬ್ಬಿಯಿಂದ ದವಾಖಾನೆಯ ಬೆಂಚಿನವರೆಗೆ. ‘ಆಯಿ ಹೇಳಿದ್ದು’ ಎಂದು ಹೆಸರು. ಶಾಲೆಯ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ನನಗೆ ಓದಿದಳು. ನಾನು ಯಾರನ್ನೂ ಅಣಕಿಸದೆ ಪೂರ್ತಿ ಕೇಳಿದೆ.

‘ಮಾಮಾ, ಇದನ್ನ ಖರೇನ ಛಾಪಿಸ್ತಾರ?’

‘ಛಾಪಿಸ್ತಾರ. ಬಣ್ಣದ ಚಿತ್ರಾನೂ ಹಾಕ್ತಾರಂತ.’

‘ಚಿತ್ರ ಬ್ಯಾಡ. ಅವ್ವ ಓದಿದ್ರ ಸಾಕ. ಬಾಯಿಲೆ ಹೇಳಿದ್ರ ಕಟ್ಟಿ ಹೇಳಾಕತ್ತಿ ಅಂತಾಳ. ಪುಸ್ತಕದಾಗ ಬಂದ್ರ ನಂಬತಾಳ.’

ಲೆಕ್ಕ ಸರಿಯಾಗಿತ್ತು. ಅಚ್ಚಾದ ಅಕ್ಷರದ ಮೇಲೆ ಅಕ್ಕನಿಗಿದ್ದ ಭಕ್ತಿ ದೇವರ ಮೇಲೂ ಇರಲಿಲ್ಲ. ಪೇಪರಿನ ರಾಶಿಭವಿಷ್ಯದಲ್ಲಿ ಪ್ರಯಾಣ ಬೇಡ ಎಂದಿದ್ದರೆ ಹತ್ತಿದ ಬಸ್ಸನ್ನು ಇಳಿಯುವವಳು. ಶಾಂಪೂ ಪುಡಿಕೆಯ ಹಿಂದೆ ಬರೆದದ್ದನ್ನು ಪೂರ್ತಿ ಓದಿ, ಅದರಂತೆ ನಡೆದು, ತಲೆಗೂದಲು ಉದುರಿದರೆ ತನ್ನದೇ ತಪ್ಪು ಎನ್ನುವವಳು. ಅವಳೂ ನಾನೂ ಏಳನೆಯವರೆಗೆ ಕನ್ನಡ ಶಾಲೆಯಲ್ಲೇ ಓದಿದವರು, ಆದ್ದರಿಂದ ಓದಲು ಅಡ್ಡಿಯಿರಲಿಲ್ಲ.

ಪುಸ್ತಕದ ಬಿಡುಗಡೆ ಕೊಲ್ಹಾಪುರದಲ್ಲಿ. ಸಭಾಗೃಹ, ಹೂವಿನ ಹಾರ, ನಿರೂಪಣೆಗೆ ನಾನು. ಅಕ್ಕ ಮದುವೆಗೆ ತೆಗೆದಿಟ್ಟ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ಪರದೆಯ ಹಿಂದೆ ಪುಸ್ತಕದ ಕಟ್ಟು ಬಿಚ್ಚಿ ಮೊದಲು ನಮ್ಮ ಹುಡುಗಿಯ ಪುಟ ಹುಡುಕಿದೆ. ‘ಅಮ್ಮನ ಕೊನೆಯ ನುಡಿ’ ಎಂದಿತ್ತು. ಬೇರೆ ಯಾರದೋ ಇರಬೇಕೆಂದು ಪುಟ ತಿರುವಿದೆ. ಇಲ್ಲ, ಕೆಳಗೆ ಅವಳದೇ ಹೆಸರು.

‘ಅಮ್ಮ ಮತ್ತು ಅಮ್ಮ ಪರಸ್ಪರ ಮಾತನಾಡುತ್ತಿರಲಿಲ್ಲ. ಅಮ್ಮನಿಗೆ ಉಪ್ಪು ಬೇಕಾದರೆ ನಾನು ಅಮ್ಮನಿಗೆ ಹೇಳುತ್ತಿದ್ದೆ.’ ಹೀಗೆ ಎರಡು ಪುಟ. ಕೊನೆಗೆ: ‘ಅಮ್ಮ ಊಟ ಮಾಡಿ ಬರಲಿ ಎಂದು ಅಮ್ಮನಿಗೆ ತಿಳಿಸು ಎಂದು ನುಡಿದು ಅಮ್ಮ ಚಿರನಿದ್ರೆಗೆ ಜಾರಿದರು.’ ಅದರ ಕೆಳಗೆ ದಪ್ಪಕ್ಷರದಲ್ಲಿ, ‘ನೀತಿ: ತಾಯಿಯನ್ನು ಅವಳು ಬದುಕಿರುವಾಗಲೇ ಪ್ರೀತಿಸಬೇಕು.’

ಸಂಪನ್ಮೂಲರು ಅಲ್ಲೇ ಚಹಾ ಕುಡಿಯುತ್ತಿದ್ದರು.

‘ಸರ, ಇದೇನ್ ಆತ್ರಿ?’

‘ಏನಾಯ್ತು? ಭಾಷೆ ಸ್ವಲ್ಪ ತಿದ್ದಿದ್ದೀನಿ. ಮಗು ಪಾಪ ಮರಾಠಿ ಪದ ಬಳಸಿತ್ತು. ಆಯಿ ಅಂತ ಇದ್ದ ಕಡೆಯೆಲ್ಲ ಅಮ್ಮ ಮಾಡಿದೆ.’

‘ಅವ್ವ ಅಂತ ಇದ್ದದ್ದು?’

‘ಅದೂ ಅಮ್ಮನೇ ಅಲ್ವೇ?’

‘ಆಯಿ ಅಂದ್ರ ಅಜ್ಜಿರೀ ಸರ.’

ಅವರು ನನ್ನನ್ನು ಕರುಣೆಯಿಂದ ನೋಡಿದರು. ‘ಅಷ್ಟು ಮರಾಠಿ ನನಗೂ ಬರುತ್ತೆ ಕಣಪ್ಪಾ.’

‘ಮರಾಠಿಯೊಳಗ ತಾಯಿ ಹೌದ್ರಿ. ಆದ್ರ ಆಕಿ ಬರದಿದ್ದು ಕನ್ನಡ.’

‘ಅದು ಕನ್ನಡ ಅಲ್ಲ,’ ಎಂದರು ಅವರು, ಬಹಳ ಮೆತ್ತಗೆ. ಮುನ್ನುಡಿ ಓದಿಕೊಳ್ಳಲು ಹೇಳಿದರು. ಮುನ್ನುಡಿಯಲ್ಲಿ ಅವರೇ ಬರೆದಿದ್ದರು: ಈ ಕಥೆಯ ಇಬ್ಬರು ಅಮ್ಮಂದಿರು ಹೆಣ್ಣಿನ ಒಳಗು ಹೊರಗುಗಳ ರೂಪಕ, ಗಡಿನಾಡಿನ ಮಗುವೊಂದು ಇಷ್ಟು ಆಳಕ್ಕೆ ಇಳಿದದ್ದು ವಿಸ್ಮಯ. ನನಗೂ ವಿಸ್ಮಯವಾಯಿತು. ನಾನು ಜನರ ದನಿಯನ್ನಷ್ಟೇ ಕದಿಯುತ್ತೇನೆ, ಆಮೇಲೆ ಹಿಂದಿರುಗಿಸುತ್ತೇನೆ. ಇವರು ಅಜ್ಜಿಯನ್ನೇ ಕದ್ದು, ಅವ್ವನನ್ನು ಸಾಯಿಸಿ, ಅದಕ್ಕೆ ಮುನ್ನುಡಿ ಬರೆದಿದ್ದರು.

ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ಮುನ್ನುಡಿಯಷ್ಟನ್ನೇ ಓದಿಕೊಂಡು ಬಂದಿದ್ದರು. ಸ್ವಪ್ನಾಲಿಯನ್ನು ಕರೆದು ಹೆಗಲ ಮೇಲೆ ಕೈಯಿಟ್ಟು, ‘ಇಷ್ಟು ಚಿಕ್ಕ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಈ ಮಗು’ ಎಂದು ಶುರು ಮಾಡಿದರು. ಸಭೆಯೆಲ್ಲ ಲೊಚಗುಟ್ಟಿತು. ಹೆಂಗಸರು ಸೆರಗು ಹುಡುಕಿದರು. ಮೈಕು ನನ್ನ ಕೈಗೆ ಬಂದ ಕೂಡಲೇ ನಾನು, ‘ಹಂಗಲ್ರಿ, ಅಕೀ ಅವ್ವ ಇಲ್ಲೇ ಮುಂದಿನ ಸಾಲಿನ್ಯಾಗ ಕುಂತಾಳ್ರಿ,’ ಎಂದೆ. ನನ್ನ ಸ್ವಂತ ದನಿಯಲ್ಲೇ ಹೇಳಿದೆ ಎಂದು ಕಾಣುತ್ತದೆ. ಜನ ಗೊಳ್ಳೆಂದು ನಕ್ಕರು. ಬೆಳಗಿನಿಂದ ನನ್ನ ನಕಲುಗಳಿಗೆ ನಕ್ಕು ರೂಢಿಯಾಗಿತ್ತಲ್ಲ, ಇದು ಯಾರ ನಕಲು ಎಂದು ಯೋಚಿಸುತ್ತಿದ್ದರೋ ಏನೋ. ಅತಿಥಿಗಳು ಮಾತ್ರ, ಇಂಥ ಹೊತ್ತಿನಲ್ಲಿ ಹಾಸ್ಯ ಬೇಡ ಎಂದು ಕಣ್ಣಲ್ಲೇ ಗದರಿಸಿದರು.

ಹುಡುಗಿಗೆ ಓದಲು ಹೇಳಿದರು. ಅವಳು ಪುಟ ತೆರೆದಳು. ತುಟಿ ಅಲುಗಿಸುತ್ತ ಒಳಗೇ ಒಂದಿಷ್ಟು ಓದಿಕೊಂಡಳು. ಪುಸ್ತಕ ಮುಚ್ಚಿ, ‘ಇದು ನಂದಲ್ರಿ,’ ಎಂದಳು.

‘ದುಃಖ ಉಮ್ಮಳಿಸಿ ಬಂದಿದೆ,’ ಎಂದು ಅತಿಥಿಗಳು ಸಭೆಗೆ ಅನುವಾದಿಸಿದರು. ಚಪ್ಪಾಳೆ ಬಿತ್ತು.

ಅಕ್ಕನ ಪಕ್ಕದಲ್ಲಿ ಕೂತ ಹೆಂಗಸು, ‘ಆ ಹುಡಿಗಿ ನಿಮಗ ಏನಾಗಬೇಕ್ರಿ?’ ಎಂದು ಕೇಳಿದಳಂತೆ. ಮಗಳು ಎಂದಳು ಅಕ್ಕ. ಹೆಂಗಸು ಇವಳ ಇಳಕಲ್ ಸೀರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಮಲತಾಯಿ ಏನ್ರಿ? ಆದ್ರೂ ಛಲೋ ಬೆಳಸೀರಿ ಬಿಡ್ರಿ,’ ಎಂದಳಂತೆ. ಇದನ್ನು ಅಕ್ಕ ಹೇಳಿದ್ದು ವಾಪಸು ಬರುವಾಗ ಬಸ್ಸಿನಲ್ಲಿ. ಆಮೇಲೆ ಪುಸ್ತಕ ಬಿಚ್ಚಿ ಓದತೊಡಗಿದಳು. ಹಾತಕಣಂಗಲೆ ದಾಟಿದರೂ ತಲೆ ಎತ್ತಲಿಲ್ಲ. ಅಮ್ಮ ಎಂಬ ಪ್ರತಿಯೊಂದು ಶಬ್ದದ ಮೇಲೂ ಬೆರಳಿಟ್ಟು, ಅದರ ಕೆಳಗೆ ಯಾರಿದ್ದಾರೆಂದು ನೋಡುವವಳಂತೆ, ನಿಂತು ನಿಂತು ಓದಿದಳು.

ಮನೆಗೆ ಬಂದು ಸೀರೆ ಬದಲಿಸಿ ರೊಟ್ಟಿಗೆ ಹಿಟ್ಟು ನಾದಲು ಕೂತಳು. ಸ್ವಪ್ನಾಲಿ ಬಾಗಿಲಲ್ಲಿ ನಿಂತಳು, ಟಪಾಲಿನ ಹಳೆಯ ಜಾಗದಲ್ಲಿ.

‘ಅವ್ವಾ, ನಾ ಆಯಿ ಅಂತ ಬರದಿದ್ದೆ. ಅವರ ಬದಲಿ ಮಾಡ್ಯಾರ.’

‘ತಿಳೀತ. ಎಲ್ಲಿ ಆಯಿ, ಎಲ್ಲಿ ನಾನು, ಎಲ್ಲಾ ತಿಳೀತ.’

‘ಮತ್ತ, ದವಾಖಾನ್ಯಾಗಿಂದು?’

ಅಕ್ಕ ಹಿಟ್ಟಿನ ಉಂಡೆ ಬಡಿಯತೊಡಗಿದಳು. ‘ಅದ ಪುಸ್ತಕದಾಗ ನಾ ಸತ್ತೇನಿ ಅಂತಾನೂ ಐತಿ. ಛಾಪಿಸಿದ್ದೆಲ್ಲಾ ಖರೇ ಅಂದ್ರ ಈ ರೊಟ್ಟಿ ಯಾರ ಬಡ್ಯಾಕತ್ತಾರ?’

ಶಾಂಪೂ ಪುಡಿಕೆಯನ್ನು ನಂಬುತ್ತಿದ್ದವಳ ನಂಬಿಕೆಯನ್ನು ಆ ಒಂದೇ ಪುಸ್ತಕ ತೆಗೆದುಹಾಕಿತ್ತು, ಅದೂ ಮಗಳು ಅದರ ಆಸರೆ ಹಿಡಿದ ದಿನವೇ. ನಂಬಿದರೆ ಅಕ್ಕನಿಗೂ ಸುಲಭವಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಉಂಡು ಬಾ ಎಂದವಳು ಒಳಗಿದ್ದಳೆಂದರೆ, ಹೊರಗೆ ಬೆಂಚಿನ ಮೇಲೆ ಕೂತೇ ಇದ್ದವಳು ಎಂಥವಳು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಸ್ವಪ್ನಾಲಿ ನನ್ನ ಕಡೆ ತಿರುಗಿದಳು. ‘ಮಾಮಾ, ನೀ ಹೇಳ. ಆಯಿ ದನಿಯಾಗ ಹೇಳ ಅವ್ವಗ.’

ಎಷ್ಟೋ ಮದುವೆಗಳಲ್ಲಿ ಮಾಡಿದ್ದೆ, ಯಾರೂ ಕೇಳದಿದ್ದರೂ ಮಾಡಿದ್ದೆ. ಆದರೆ ನನ್ನ ಗಂಟಲಿನಲ್ಲಿ ಇದ್ದದ್ದು ಬೈಯುವ ಆಯಿ ಮಾತ್ರ. ಅವಳು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದವನಲ್ಲ, ಕೇಳದ ದನಿಯನ್ನು ನಕಲು ಮಾಡಲು ನನಗೆ ಬರುವುದಿಲ್ಲ. ಆದರೂ ಶುರು ಮಾಡಿದೆ.

‘ಅಕೀಗೆ ಹೇಳ, ಉಂಡ ಬಾ ಅಂತ. ನಾ ಎಲ್ಲಿ ಹೊಕ್ಕೇನಿ, ಇಲ್ಲೇ ಇರತೇನಿ.’

ಬೈದ ಹಾಗೇ ಬಂತು. ಎಣ್ಣೆ ಕಾಣದ ಲೂಮು. ಅಕ್ಕನ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದಂತೆ ಪಡಸಾಲೆಯ ಕಡೆ ನೋಡಿದಳು. ಆಮೇಲೆ ಮಗಳನ್ನು ಕೇಳಿದಳು, ನನ್ನನ್ನಲ್ಲ:

‘ಹಿಂಗ ಅಂದ್ಲೇನ?’

ಹೂಂ ಎಂದರೆ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡ ದೊಡ್ಡದನ್ನು ಈ ಹುಡುಗಿ ಉಪ್ಪಿನ ಡಬ್ಬಿಯ ಜೊತೆ ಸಾಗಿಸಿದ್ದಳು. ನಾನು ಅಕ್ಕನ ಬೆನ್ನ ಹಿಂದೆ ನಿಂತು ಹೂಂ ಅನ್ನು, ಹೂಂ ಅನ್ನು ಎಂದು ತಲೆಯಾಡಿಸಿ ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು. ಸನ್ನೆ ಅವಳಿಗೆ ತಿಳಿಯಿತು, ತಿಳಿದದ್ದು ನನಗೂ ಕಾಣಿಸಿತು.

‘ಹಿಂಗ ಅಲ್ಲ ಅವ್ವಾ,’ ಎಂದಳು. ‘ಭಾಳ ಸಾವಕಾಶ ಅಂದ್ಲು.’

ಅಕ್ಕ ರೊಟ್ಟಿಯನ್ನು ಹೆಂಚಿಗೆ ಹಾಕಿ ನೀರು ಸವರಿದಳು.

‘ಹಂಗಾರ ಅಕಿ ಅಲ್ಲ ಬಿಡ,’ ಎಂದಳು. ‘ಕೈ ತೊಳಕೊಂಡ ಉಣ್ಣಾಕ ಕುಂದರ್ರಿ.’